ಉಣ್ಣುವವರಿಗೆ ಹೇಳುವ ಮಾತು

ಆರು ತಿಂಗಳಿಂದ ಅಕ್ಕ ನನ್ನ ಕಣ್ಣೆದುರು ಒಂದು ತುತ್ತೂ ಉಂಡಿರಲಿಲ್ಲ. ಇದ್ದದ್ದು ಒಂದೇ ಮನೆಯಲ್ಲಿ. ಅವಳು ಕಟ್ಟಿದ ಮುದ್ದೆಯನ್ನೇ ನಾನು ಉಣ್ಣುತ್ತಿದ್ದೆ, ಅವಳು ಕರೆದ ಹಾಲೇ ದಿನಾ ಡೈರಿಗೆ ಹೋಗುತ್ತಿತ್ತು. ಆದರೆ ಅವಳು ಯಾವಾಗ ಉಣ್ಣುತ್ತಾಳೆ, ಎಷ್ಟು ಉಣ್ಣುತ್ತಾಳೆ ಎಂಬುದು ಮಾತ್ರ ನನಗೆ ಗೊತ್ತಾಗದ ಹಾಗೆ ನೋಡಿಕೊಂಡಿದ್ದಳು. ಅವಳನ್ನು ಆ ಸ್ಥಿತಿಗೆ ತಂದವನು ನಾನೇ. ಬರೆಯಲು ಕೂತವನು ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದೆಲ್ಲೋ ನನಗೆ ಅನುಕೂಲವಾಗುವ ಹಾಗೆ ತಿರುಗಿಸಿ ಹೇಳಿಬಿಡುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು.

ನಮ್ಮದು ವಕ್ಕಲೇರಿಯಿಂದ ಒಳಗೆ ಹೋಗುವ ದಾರಿಯಲ್ಲಿರುವ ಊರು. ಎರಡು ಸೀಮೆಹಸು, ಒಂದಿಷ್ಟು ರಾಗಿ ಹೊಲ. ನಾನು ನರಸಾಪುರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಯಂತ್ರ ಕೆಟ್ಟರೆ ರಿಪೇರಿ ಮಾಡುವುದು, ಕೆಡದಿದ್ದರೆ ಕೆಡದಂತೆ ನೋಡಿಕೊಳ್ಳುವುದು. ಈ ಕಸುಬಿಗೆ ಬಂದು ಇಪ್ಪತ್ತು ವರ್ಷ ಆಯಿತು. ಮೊದಲ ಶಿಫ್ಟ್ ಇದ್ದರೆ ಬೆಳಿಗ್ಗೆ ಐದಕ್ಕೇ ಕಂಪನಿ ಬಸ್ಸು ಹತ್ತಬೇಕು. ಶಿಫ್ಟ್ ವಾರಕ್ಕೊಂದು ಸಲ ಬದಲಾಗುತ್ತದೆ, ಮೈ ಬದಲಾಗುವುದಿಲ್ಲ. ಯಾವ ಹೊತ್ತಿನಲ್ಲಿ ಹಸಿವು, ಯಾವ ಹೊತ್ತಿನಲ್ಲಿ ನಿದ್ದೆ ಎಂಬ ಲೆಕ್ಕವೇ ತಪ್ಪಿಹೋಗಿದೆ. ಇದನ್ನು ನೆವ ಅಂತ ಹೇಳುತ್ತಿಲ್ಲ. ಆದರೆ ಇದೂ ಒಂದು ಕಾರಣ.

ಅಕ್ಕ ನನಗಿಂತ ಐದು ವರ್ಷ ದೊಡ್ಡವಳು. ಮುಳಬಾಗಿಲಿನಿಂದ ಆಚೆ, ಆಂಧ್ರದ ಗಡಿ ಹತ್ತಿರದ ಊರಿಗೆ ಕೊಟ್ಟಿದ್ದೆವು. ಮಕ್ಕಳಾಗಲಿಲ್ಲ. ಭಾವ ತೀರಿಕೊಂಡ ಮೇಲೂ ಎರಡು ವರ್ಷ ಅಲ್ಲೇ, ಮೈದುನಂದಿರ ಮನೆಯಲ್ಲೇ ಇದ್ದಳು. ಆಮೇಲೆ ಒಂದು ದಿನ ಮಧ್ಯಾಹ್ನ ಕೈಯಲ್ಲೊಂದು ಬ್ಯಾಗು ಹಿಡಿದು ನಮ್ಮ ಬಾಗಿಲಿಗೆ ಬಂದು ನಿಂತಳು. ಅಷ್ಟು ವರ್ಷದಲ್ಲಿ ಅವಳ ಕನ್ನಡಕ್ಕೆ ತೆಲುಗಿನ ಎಳೆತ ಬಂದುಬಿಟ್ಟಿತ್ತು. ಯಾಕೆ ಬಂದೆ ಅಂತ ನಾನು ಕೇಳಲಿಲ್ಲ. ಒಡಹುಟ್ಟಿದವಳನ್ನು ಹಾಗೆ ಕೇಳದೆ ಇರುವುದೇ ದೊಡ್ಡತನ ಎಂದುಕೊಂಡಿದ್ದೆ. ನನ್ನ ಹೆಂಡತಿಯೂ ಕೇಳಲಿಲ್ಲ. ಬ್ಯಾಗು ಇಸಿದುಕೊಂಡು ಒಳಗೆ ಕರೆದುಕೊಂಡು ಹೋದಳು, ಅಷ್ಟೇ.

ಬಂದವಳು ಸುಮ್ಮನೆ ಕೂರಲಿಲ್ಲ. ಹಸುಗಳ ಕೆಲಸವನ್ನೆಲ್ಲ ತನ್ನ ಮೇಲೆ ಹಾಕಿಕೊಂಡಳು. ಬೆಳಿಗ್ಗೆ ಸಗಣಿ ಬಾಚಿ, ಹಾಲು ಕರೆದು, ಡೈರಿಗೆ ಹಾಕಿ, ಹುಲ್ಲು ಕೊಯ್ದು ತರುವ ಹೊತ್ತಿಗೆ ಅವಳಿಗೆ ಎರಡಾಳಿನ ಹಸಿವು ಆಗುತ್ತಿತ್ತು. ಉಣ್ಣುವಾಗ ಚೆನ್ನಾಗಿ ಉಣ್ಣುತ್ತಿದ್ದಳು. ಚಕ್ಕಳಮಕ್ಕಳ ಹಾಕಿ ಕೂತು, ತಟ್ಟೆಯಲ್ಲಿ ಸಾರು ತುಂಬಿಸಿಕೊಂಡು, ಮುದ್ದೆ ಮುರಿದು ಮುಳುಗಿಸಿ ನುಂಗುವುದನ್ನು ನೋಡಿದರೆ ನಮಗೂ ಹಸಿವಾಗಬೇಕು, ಹಾಗಿತ್ತು.

ಆ ದಿನ ನಾನು ರಾತ್ರಿ ಪಾಳಿ ಮುಗಿಸಿ ಹೊರಡುವವನಿದ್ದೆ. ನನ್ನ ಜಾಗಕ್ಕೆ ಬರಬೇಕಾದವನು ಬರಲಿಲ್ಲ. ಸೂಪರ್‌ವೈಸರ್ ಹೆಗಲ ಮೇಲೆ ಕೈಹಾಕಿ, "ಇದೊಂದ್ ದಿನ ಎಳ್ದುಬಿಡಿ" ಅಂದ. ಎಳೆದೆ. ಹದಿನಾರು ಗಂಟೆ ನಿಂತು, ಮಧ್ಯಾಹ್ನ ಮೂರೂವರೆಗೆ ಮನೆಗೆ ಬಂದೆ. ಹೆಂಡತಿ ಮಾಲೂರಿಗೆ, ತವರಿಗೆ ಹೋಗಿದ್ದಳು. ಅಡುಗೆಮನೆಯಲ್ಲಿ ಅಕ್ಕ ಉಣ್ಣುತ್ತಿದ್ದಳು. ಮುಚ್ಚಳ ತೆಗೆದು ನೋಡಿದೆ, ಪಾತ್ರೆಯಲ್ಲಿ ಮುದ್ದೆ ಇರಲಿಲ್ಲ. ಅವಳ ತಟ್ಟೆಯಲ್ಲಿ ಎರಡನೆಯದು ಅರ್ಧ ಮುರಿದಿತ್ತು.

"ಎಷ್ಟು ತಿಂತೀಯಕ್ಕ ನೀನು?" ಅಂದೆ.

ಜಗಳಕ್ಕೆ ಅಂದದ್ದಲ್ಲ. ಕೂಗಿಯೂ ಅನ್ನಲಿಲ್ಲ. ಸುಸ್ತಾದವನು ಗೋಡೆಗೆ ಒರಗಿಕೊಂಡು ಹೇಳುವ ಹಾಗೆ ಹೇಳಿದೆ. ಕೂಗಿದ್ದರೆ ಅವಳೂ ತಿರುಗಿ ಕೂಗುತ್ತಿದ್ದಳು, ಅಲ್ಲಿಗೆ ಮುಗಿಯುತ್ತಿತ್ತು. ಅವಳು ನನ್ನ ಮುಖ ನೋಡಿದಳು. ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಎದ್ದಳು. "ನೀನು ಬೆಳಿಗ್ಗೆ ಬರ್ಲಿಲ್ವಲ್ಲ, ಅಲ್ಲೇ ಕ್ಯಾಂಟೀನಲ್ಲಿ ಉಂಡಿರ್ತೀಯ ಅಂದ್ಕೊಂಡೆ ಕಣೋ. ಇರು, ಒಂದ್ ಗಳಿಗೆ" ಎಂದು ಕೈ ತೊಳೆದು, ಎಸರಿಟ್ಟು, ಹಿಟ್ಟು ಹಾಕಿ ಕೋಲು ತಿರುವಿದಳು. ಬಿಸಿಬಿಸಿ ಎರಡು ಮುದ್ದೆ ಕಟ್ಟಿ ನನ್ನ ಮುಂದಿಟ್ಟಳು. ನಾನು ಎರಡನ್ನೂ ತಿಂದು ಮಲಗಿದೆ. ಚೆನ್ನಾಗಿ ನಿದ್ದೆಯೂ ಬಂತು. ಅವಳ ತಟ್ಟೆಯಲ್ಲಿದ್ದ ಅರ್ಧ ಮುದ್ದೆ ಏನಾಯಿತೋ ನಾನು ನೋಡಲಿಲ್ಲ. ಹಸುವಿನ ಕಲಗಚ್ಚಿಗೆ ಹೋಗಿರಬೇಕು.

ಅಂದಿನಿಂದ ಶುರುವಾಯಿತು. ನಾನು ಮನೆಯಲ್ಲಿದ್ದರೆ ಅವಳಿಗೆ ಹಸಿವಿಲ್ಲ. ಬಾ ಅಂದರೆ "ನೀವು ಉಣ್ಣಿ, ನಂದಾಯ್ತು" ಅನ್ನುವಳು. ನಾನು ಹಿತ್ತಲಿಗೆ ಹೋದಾಗಲೋ ಸ್ನಾನಕ್ಕೆ ಹೋದಾಗಲೋ ಅಡುಗೆಮನೆಯ ಬಾಗಿಲು ಅರ್ಧ ಮುಚ್ಚಿಕೊಂಡು ಏನೋ ಬಾಯಿಗೆ ಹಾಕಿಕೊಳ್ಳುವಳು. ನನ್ನ ಹೆಜ್ಜೆ ಕೇಳಿದರೆ ತಟ್ಟೆಯ ಮೇಲೆ ಮೊರ ಮುಚ್ಚಿ, ಪಾತ್ರೆ ಉಜ್ಜುವವಳ ಹಾಗೆ ಎದ್ದು ನಿಲ್ಲುವಳು. ನಾಲ್ಕು ತಿಂಗಳಲ್ಲಿ ಅವಳ ರವಿಕೆಯ ತೋಳು ಸಡಿಲವಾಯಿತು. ಕೈಯ ಬಳೆ ಮೊಣಕೈವರೆಗೂ ಜಾರುತ್ತಿತ್ತು.

ಹೆಂಡತಿ ಹೇಳಿದಳು: "ಹೋಗಿ ಒಂದ್ ಮಾತು ತಪ್ಪಾಯ್ತು ಅಂದ್ಬಿಡಿ. ನಿಮ್ ಗಂಟೇನ್ ಹೋಗುತ್ತೆ?"

"ಏನ್ ಬೈದ್ನಾ ನಾನು? ಅಷ್ಟಕ್ಕೆ ಮುನಿಸ್ಕೊಂಡ್ರೆ ನಾನೇನ್ ಮಾಡ್ಲಿ?" ಎಂದು ರೇಗಿದೆ. ನನ್ನ ಸ್ವಭಾವವೇ ಹಾಗೆ. ತಪ್ಪು ನನ್ನದು ಎಂದು ಗೊತ್ತಾದ ದಿನ ನನಗೆ ಸಿಟ್ಟು ಹೆಚ್ಚು.

ಆಮೇಲೆ ಒಂದು ದಿನ ಸುದ್ದಿ ಹೆಂಡತಿಯ ಮೂಲಕ ಬಂತು. ಶ್ರೀನಿವಾಸಪುರದಲ್ಲಿ ಒಂದು ಹೆಣ್ಣುಮಕ್ಕಳ ಹಾಸ್ಟೆಲಿಗೆ ಅಡುಗೆಯವಳು ಬೇಕಂತೆ, ಅಲ್ಲೇ ಇರಬೇಕಂತೆ, ಅಕ್ಕ ಒಪ್ಪಿಕೊಂಡಿದ್ದಾಳಂತೆ. ಬರುವ ತಿಂಗಳು ಒಂದನೇ ತಾರೀಕಿನಿಂದ. ನನಗೆ ಅವಳು ಹೇಳಲೇ ಇಲ್ಲ. ಹೋಗ್ಲಿ ಬಿಡು ಅಂದೆ. ಅಂದು ಹಿತ್ತಲಿಗೆ ಹೋಗಿ ಸುಮ್ಮನೆ ಹಸುವಿನ ಹಗ್ಗ ಬಿಚ್ಚಿ ಮತ್ತೆ ಕಟ್ಟಿದೆ. ಅಪ್ಪ ಅಮ್ಮ ಇಲ್ಲದ ಮೇಲೆ ಅವಳಿಗೆ ಇದ್ದದ್ದು ನಮ್ಮದೊಂದೇ ಬಾಗಿಲು. ಆ ಬಾಗಿಲಿನಿಂದಲೂ ಅವಳು ಹೊಟ್ಟೆ ತುಂಬ ಉಣ್ಣದೆ ಎದ್ದು ಹೋಗುವವಳಿದ್ದಳು.

ಅದೇ ತಿಂಗಳು ಕಾರ್ಖಾನೆಗೆ ಮೆಕ್ಸಿಕೋದವನೊಬ್ಬ ಬಂದ. ನಮ್ಮ ಕಂಪನಿಯದೇ ಒಂದು ಕಾರ್ಖಾನೆ ಆ ದೇಶದಲ್ಲೂ ಇದೆ. ಅಲ್ಲಿಯ, ತಗಡು ಒತ್ತುವ ಹಳೆಯ ಪ್ರೆಸ್ಸೊಂದನ್ನು ಬಿಚ್ಚಿ ಪೆಟ್ಟಿಗೆಗಳಲ್ಲಿ ತುಂಬಿ ನರಸಾಪುರಕ್ಕೆ ಕಳಿಸಿದ್ದರು. ಅದನ್ನು ಕೂಡಿಸಿ, ಓಡಿಸಿ, ನಮಗೆ ಕಲಿಸಿ ಹೋಗುವುದು ಆತನ ಕೆಲಸ. ಜೊತೆಗೆ ಇರಲು ನನ್ನನ್ನು ಹಾಕಿದರು. ನನ್ನ ವಯಸ್ಸಿನವನೇ. ಗಿಡ್ಡ ಆಳು, ನರೆತ ಮೀಸೆ, ಗ್ರೀಸು ಮೆತ್ತಿದ ಉಗುರು. ಇಂಗ್ಲಿಷು ನನಗೆಷ್ಟು ಬರುತ್ತಿತ್ತೋ ಆತನಿಗೂ ಅಷ್ಟೇ. ಅವನ ಭಾಷೆ ಸ್ಪ್ಯಾನಿಷ್. ಬೋಲ್ಟು, ನಟ್ಟು, ಎಣ್ಣೆ ಒತ್ತಡ, ಇವುಗಳಿಗೆ ಭಾಷೆ ಬೇಕಾಗಲಿಲ್ಲ. ಬೇಕಾದಾಗ ಅನುವಾದ ಮಾಡುವ ಫೋನು ಮುಂದೆ ಹಿಡಿದು ಮಾತಾಡುತ್ತಿದ್ದೆವು. ಆತ ಏನೋ ಅಂದರೆ ಫೋನಿನೊಳಗಿನ ಹೆಂಗಸು ವಾರ್ತೆ ಓದುವವಳ ಹಾಗೆ "ದಯವಿಟ್ಟು ಆ ಉಪಕರಣವನ್ನು ತಾವು ನನಗೆ ನೀಡುವಿರಾ" ಅನ್ನುವಳು. ಸ್ಪ್ಯಾನರ್ ಕೊಡುತ್ತಿದ್ದೆ.

ಆ ಪ್ರೆಸ್ಸು ಕೂರಿಸುತ್ತಿದ್ದ ಶೆಡ್ಡಿನ ಹೊರಗೆ ಒಂದು ಹೊಂಗೆಮರ. ಅದರಡಿ ಪ್ಯಾಕಿಂಗಿನ ಏಳೆಂಟು ಹೆಂಗಸರು ಮಧ್ಯಾಹ್ನ ಡಬ್ಬಿ ಬಿಚ್ಚಿ ಸಾಲಾಗಿ ಕೂತು ಉಣ್ಣುತ್ತಿದ್ದರು. ನಾನೂ ಅಲ್ಲೇ ಒಂದು ಕಡೆ. ಮೊದಲ ದಿನ ಈತ ಕ್ಯಾಂಟೀನಿಗೆ ಹೋಗಲು ಆ ದಾರಿಯಲ್ಲಿ ಬಂದ. ನಮ್ಮ ಮುಂದೆ ಹಾಯುವಾಗ ತಲೆ ಸ್ವಲ್ಪ ಬಾಗಿಸಿ, "ಪ್ರೊವೆಚೊ" ಅಂದ. ಎಲ್ಲರ ಕೈಯೂ ತುತ್ತಿನ ಮೇಲೆ ನಿಂತಿತು.

ನಮ್ಮ ಕಡೆ ಉಣ್ಣುವವರ ಮುಂದೆ ಯಾರೂ ಹಾಗೆ ನಿಂತು ಮಾತಾಡುವುದಿಲ್ಲ. ಗೊತ್ತಿದ್ದವರಾದರೆ ಉಣ್ಣುವವರೇ "ಬನ್ನಿ, ಊಟ ಮಾಡಿ" ಅನ್ನುತ್ತಾರೆ, ಹಾಯುವವರು "ಆಯ್ತು, ನೀವು ಮಾಡಿ" ಎಂದು ಮುಖ ಆಕಡೆ ತಿರುಗಿಸಿಕೊಂಡು ಹೋಗುತ್ತಾರೆ. ಇವನು ಡಬ್ಬಿಯನ್ನೇ ನೋಡಿ ಏನೋ ಕೇಳಿದನಲ್ಲ ಎಂದು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ಹಿರಿಯಳೊಬ್ಬಳು, ಮಾಸ್ತಿ ಕಡೆಯವಳು, ಮೊದಲು ಎದ್ದಳು. ಡಬ್ಬಿಯ ಮುಚ್ಚಳದಲ್ಲಿ ಒಂದು ಹಿಡಿ ಚಿತ್ರಾನ್ನ ಹಾಕಿ ಆತನ ಕೈಗೆ ಕೊಟ್ಟಳು. ವಾಪಸ್ ಬಂದು ಕೂತು ನನಗೆ ಹೇಳಿದಳು: "ಕಣ್ಣು ಬಿದ್ದಿದ್ದು ಹೊಟ್ಟೇಲ್ ನಿಲ್ಲಲ್ಲ ಕಣಣ್ಣ. ಒಂದ್ ತುತ್ತು ಕೊಟ್ಬಿಟ್ರೆ ಸರಿಹೋಯ್ತದೆ. ಪಾಪ, ಯಾವ ದೇಶದವನೋ, ಆಸೆ ಪಟ್ಟವನೆ."

ಆತ ಒಂದು ಗಳಿಗೆ ಗಲಿಬಿಲಿಗೊಂಡು, ನಿಂತುಕೊಂಡೇ ಅದನ್ನು ತಿಂದು, ಎದೆಯ ಮೇಲೆ ಕೈಯಿಟ್ಟು "ಗ್ರಾಸಿಯಾಸ್" ಅಂದು ಹೋದ. ಮರುದಿನ ಮತ್ತೆ ಬಂದ, ಮತ್ತೆ ಅದೇ ಮಾತು ಅಂದ. ಈ ಸಲ ಇಬ್ಬರು ಕೊಟ್ಟರು. ಮೂರನೇ ದಿನ ಎಲ್ಲರೂ ಕೊಟ್ಟರು, ಒಬ್ಬಳ ಡಬ್ಬಿಯ ಮೇಲೆ ಕಣ್ಣು ಬಿದ್ದು ಇನ್ನೊಬ್ಬಳದರ ಮೇಲೆ ಬೀಳದೆ ಇರುತ್ತದೆಯೇ? ಮುದ್ದೆ ಕೊಟ್ಟರು. ಅದನ್ನು ಆತ ಚ್ಯೂಯಿಂಗ್ ಗಮ್ಮಿನ ಹಾಗೆ ಅಗಿದು ಅಗಿದು ಸುಸ್ತಾದ. ಹುರುಳಿಕಾಳಿನ ಬಸ್ಸಾರು, ಅವರೆಕಾಳು ಉಪ್ಪಿಟ್ಟು, ಮಾವಿನ ಉಪ್ಪಿನಕಾಯಿ, ಎಲ್ಲ ಕೊಟ್ಟರು. ಆತ ಪ್ರತಿದಿನ ಬಂದು ಪ್ರೊವೆಚೊ ಅನ್ನುವುದು, ಇವರು ತುಂಬಿಸುವುದು, ಆತ ತಿನ್ನುವುದು. ಇವರ ಪಾಲಿಗೆ ಆ ಮಾತಿನ ಅರ್ಥ ಒಂದೇ, ನಂಗೂ ಸ್ವಲ್ಪ ಕೊಡಿ. ನಾನೂ ಹಾಗೇ ಅಂದುಕೊಂಡಿದ್ದೆ.

ಹತ್ತು ದಿನ ಹೀಗೆ ನಡೆದ ಮೇಲೆ ಆತ ಆ ದಾರಿಯಲ್ಲಿ ಬರುವುದನ್ನೇ ಬಿಟ್ಟ. ಶೆಡ್ಡಿನ ಹಿಂದಿನ ಬಾಗಿಲಿನಿಂದ ಹೊರಟು, ತುಕ್ಕು ಹಿಡಿದ ಸ್ಕ್ರ್ಯಾಪಿನ ರಾಶಿ ದಾಟಿ, ಬಿಸಿಲಲ್ಲಿ ಸುತ್ತಿಕೊಂಡು ಕ್ಯಾಂಟೀನಿಗೆ ಹೋಗುತ್ತಿದ್ದ. ಹೆಂಗಸರಿಗೆ ಅವಮಾನವಾಯಿತು. "ಏನಣ್ಣ, ನಮ್ ಕೈಯೂಟ ರುಚಿ ಇಲ್ವಂತಾ ಮೆಕ್ಸಿಕೋ ಸಾರ್‌ಗೆ? ನೀವೊಂದ್ಸಲ ಕೇಳಿ" ಎಂದು ಹಿರಿಯಳು ನನ್ನನ್ನು ತಿವಿದಳು.

ಮರುದಿನ ಟೀ ಹೊತ್ತಿನಲ್ಲಿ ಕೇಳಿದೆ. ಫೋನಿನಲ್ಲಿ ಕನ್ನಡದಲ್ಲೇ ಕೇಳಿದೆ: ಆ ಮಾತು ಅಂದರೆ ಏನು, ಯಾಕೆ ಈಗ ನಮ್ಮ ಕಡೆ ಬರುವುದಿಲ್ಲ. ಆತ ಹೊಟ್ಟೆ ಹಿಡಿದುಕೊಂಡು ನಕ್ಕ. ಆತನ ಪಾಲಿಗೆ ನಡೆದಿದ್ದೇ ಬೇರೆ, ಆತ ಹೇಳಿದ್ದು ಹೀಗೆ: ನಮ್ಮ ದೇಶದಲ್ಲಿ ಈ ಮಾತು ಹೇಳಿದರೆ ಊಟ ಮಾಡುವವರು ಧನ್ಯವಾದ ಅನ್ನುತ್ತಾರೆ, ನಿಮ್ಮ ದೇಶದಲ್ಲಿ ಎದ್ದು ಬಂದು ತಿನ್ನಿಸುತ್ತಾರೆ, ಇದೇ ಇಲ್ಲಿಯ ಉತ್ತರ ಅಂದುಕೊಂಡೆ, ಬೇಡ ಅಂದರೆ ತಪ್ಪಾದೀತು ಅಂತ ತಿಂದೆ, ಎರಡು ದಿನ ಹೊಟ್ಟೆ ಕೆಟ್ಟಿತು. ಹಾಯುವಾಗ ಹೇಳದೆ ಹೋಗುವುದು ನಮ್ಮಲ್ಲಿ ಮರ್ಯಾದೆಯಲ್ಲ, ಹೇಳಿದರೆ ಏಳು ಊಟ ತಿನ್ನಬೇಕು, ಅದಕ್ಕೇ ಸ್ಕ್ರ್ಯಾಪಿನ ದಾರಿ. ಫೋನಿನ ಹೆಂಗಸು ಇದನ್ನೆಲ್ಲ ಒಂದಿಷ್ಟೂ ನಗದೆ ಹೇಳಿದಳು. ನಾನು ಎಷ್ಟೋ ತಿಂಗಳ ಮೇಲೆ ಜೋರಾಗಿ ನಕ್ಕೆ.

ಆದರೆ ಆ ಮಾತಿನ ಅರ್ಥ ಮಾತ್ರ ಫೋನಿಗೆ ದಕ್ಕಲಿಲ್ಲ. ಅದಕ್ಕೆ ಪ್ರೊವೆಚೊ ಅಂದರೆ 'ಲಾಭ' ಎಂದು ಬಂತು. ಯಾರಿಗೆ ಲಾಭ, ಏನು ಲಾಭ? ನಾನು ಕೈ ತಿರುಗಿಸಿ ತೋರಿಸಿದೆ. ಆಗ ಆತ ಫೋನು ಕೆಳಗಿಟ್ಟು, ನಟನೆ ಮಾಡಿ ತೋರಿಸಿದ. ಒಂದು ಪೆಟ್ಟಿಗೆಯ ಮೇಲೆ ನನ್ನನ್ನು ಕೂರಿಸಿ, ಉಣ್ಣುವ ಹಾಗೆ ಮಾಡು ಅಂದ. ತಾನು ದೂರದಿಂದ ನಡೆದು ಬಂದ. ನನ್ನ ಹತ್ತಿರ ಬಂದಾಗ ನಿಲ್ಲಲಿಲ್ಲ, ತಟ್ಟೆಯ ಕಡೆ ನೋಡಲಿಲ್ಲ, ನನ್ನ ಮುಖ ನೋಡಿ ಪ್ರೊವೆಚೊ ಎಂದು ತಲೆಬಾಗಿ ಮುಂದೆ ಹೋದ. ಮತ್ತೆ ತಿರುಗಿ ಬಂದು ತನ್ನ ಹೊಟ್ಟೆ ತೋರಿಸಿದ, ತೋಳು ಮಡಿಸಿ ಬಲ ತೋರಿಸಿದ. ನೀನು ತಿನ್ನುವುದು ನಿನಗೆ ಒಳ್ಳೆಯದು ಮಾಡಲಿ. ಪರಿಚಯದವರಿಗೇ ಅಂತಿಲ್ಲ, ಹೋಟೆಲಿನಲ್ಲಿ ಪಕ್ಕದ ಮೇಜಿನಲ್ಲಿ ಕೂತ ಯಾರಿಗೋ ಹೇಳುತ್ತಾರಂತೆ. ತಾನು ಉಂಡು ಎದ್ದು ಹೋಗುವವನು ಇನ್ನೂ ಉಣ್ಣುತ್ತಿರುವವರಿಗೆ ಹೇಳುತ್ತಾನಂತೆ. ರಸ್ತೆ ಬದಿಯಲ್ಲಿ ಗೋಡೆ ಕಟ್ಟುವ ಕೂಲಿಯವನು ಕೂತು ತಿನ್ನುತ್ತಿದ್ದರೂ, ಕಾರಿನಿಂದ ಇಳಿದವನು ಹೇಳಿ ಹೋಗುತ್ತಾನಂತೆ. ಏನು ಊಟ, ಎಷ್ಟು ಊಟ, ಆಯಿತಾ ಇಲ್ಲವಾ, ಒಂದೂ ಕೇಳುವ ಹಾಗಿಲ್ಲ.

ನಮ್ಮಲ್ಲೂ ಅದಿದೆ ಎಂದು ಆಗ ಹೊಳೆಯಿತು. ಚಿಕ್ಕಂದಿನಲ್ಲಿ ಅಮ್ಮ ಉಣ್ಣಿಸಿ ಬಾಯಿ ಒರೆಸುವಾಗ "ತಿಂದಿದ್ದು ಮೈಗೆ ಹತ್ಲಿ" ಅನ್ನುತ್ತಿದ್ದಳು. ಆದರೆ ಅದು ಕಂಕುಳ ಕೂಸಿಗೆ ಹೇಳುವ ಮಾತು. ದೊಡ್ಡವರು ಉಣ್ಣುವಾಗ ಹಾಗೆ ಯಾರಾದರೂ ಅಂದದ್ದು ನಾನು ಕೇಳಿಲ್ಲ. ದೊಡ್ಡವರಿಗೆ ನಾವು ಕೇಳುವುದು ಊಟ ಆಯ್ತಾ ಅಂತ. ಅಷ್ಟಕ್ಕೇ ನಿಂತರೆ ಒಳ್ಳೆಯದೇ.

ಆತ ಮತ್ತೆ ಫೋನು ಎತ್ತಿಕೊಂಡು ಒಂದು ಫೋಟೋ ತೋರಿಸಿದ. ಇದೇ ಪ್ರೆಸ್ಸು, ಅದರ ಮುಂದೆ ಹತ್ತು ಹನ್ನೆರಡು ಜನ, ನಡುವೆ ಈತ, ಮೀಸೆ ಇನ್ನೂ ಕಪ್ಪು. ಹದಿನೆಂಟು ವರ್ಷ ಈ ಯಂತ್ರದ ಮೇಲೇ ಕೆಲಸ ಮಾಡಿದ್ದನಂತೆ. ಯಂತ್ರ ಇಲ್ಲಿಗೆ ಬಂತು, ಅಲ್ಲಿ ಆ ಲೈನು ಮುಚ್ಚಿತು. ವಾಪಸ್ ಹೋದ ಮೇಲೆ ನಿನಗೆ ಏನು ಕೆಲಸ ಅಂತ ಕೇಳಿದೆ. ತುಟಿ ಚಾಚಿ ಭುಜ ಕುಣಿಸಿದ, ಅಷ್ಟೇ. ನಾನು ಟೀ ಲೋಟ ಕೆಳಗಿಟ್ಟೆ. ತನ್ನ ಅನ್ನದ ಯಂತ್ರವನ್ನು ತಾನೇ ತಂದು ನಮಗೆ ಕೂಡಿಸಿ ಕೊಟ್ಟು, ನಮ್ಮ ಡಬ್ಬಿಗಳ ಮುಂದೆ ಹಾಯುವಾಗ ಇವನು ಹೇಳಿದ ಮಾತು ಅದು. ಒಡಹುಟ್ಟಿದವಳು ಉಣ್ಣುವಾಗ ನಾನು ಹೇಳಿದ್ದು ಏನು?

ಹೆಂಗಸರಿಗೆ ಅರ್ಥ ಹೇಳಿದೆ. ಹಿರಿಯಳು ಕೆನ್ನೆ ಕೆನ್ನೆ ಬಡಿದುಕೊಂಡಳು. "ಅಯ್ಯೋ, ಆಶೀರ್ವಾದ ಮಾಡ್ದೋನ ಹೊಟ್ಟೆ ಕೆಡಿಸ್ಬಿಟ್ವಲ್ಲ" ಅಂದಳು. ಮರುದಿನದಿಂದ ಆತ ಹೊಂಗೆಮರದ ದಾರಿಯಲ್ಲೇ ಬಂದ. ಎಲ್ಲರೂ ಒಟ್ಟಿಗೆ ಗ್ರಾಸಿಯಾಸ್ ಅಂದರು. ಯಾರೂ ಏಳಲಿಲ್ಲ.

ಆ ವಾರದ ಕೊನೆಯಲ್ಲಿ ಮೊದಲ ಶಿಫ್ಟು ಮುಗಿಸಿ ಮನೆಗೆ ಬಂದೆ. ಅಕ್ಕ ಹೊರಡಲು ನಾಲ್ಕು ದಿನ ಉಳಿದಿತ್ತು. ಹೆಂಡತಿ ಹೊಲದಲ್ಲಿದ್ದಳು. ಬಸ್ಸು ಬೇಗ ಬಂದಿತ್ತಾದ್ದರಿಂದ ನಾನು ಬರುವುದು ಅಕ್ಕನಿಗೆ ಗೊತ್ತಿರಲಿಲ್ಲ. ಅಡುಗೆಮನೆಯಲ್ಲಿ ಬಾಗಿಲಿಗೆ ಬೆನ್ನು ಹಾಕಿ ಕೂತು ಉಣ್ಣುತ್ತಿದ್ದಳು. ಬೆನ್ನಿನ ಮೂಳೆ ರವಿಕೆಯ ಮೇಲೆ ಎದ್ದು ಕಾಣುತ್ತಿತ್ತು. ಬಸ್ಸಿನಲ್ಲಿ ಬರುವಾಗಲೇ ಅಮ್ಮನ ಆ ಮಾತನ್ನು ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದೆ. ಸುಮ್ಮನೆ ಹಾಯುವ ಹಾಗೆ ಹೇಳಿ ಮುಂದೆ ಹೋಗಿಬಿಡುವುದು, ಅಷ್ಟೇ.

"ತಿಂದಿದ್ದು ಮೈಗೆ ಹತ್ಲಿ, ಅಕ್ಕ" ಅಂದೆ.

ಅವಳು ಬೆಚ್ಚಿಬಿದ್ದು ಸೆರಗನ್ನು ತಟ್ಟೆಯ ಮೇಲೆ ಎಳೆದುಕೊಂಡಳು. ಸೆರಗಿನ ತುದಿ ಸಾರಿನಲ್ಲಿ ಅದ್ದಿತು. ತಿರುಗಿ ನನ್ನನ್ನು ನೋಡಿದ ಕಣ್ಣಿನಲ್ಲಿ ನೀರು ತುಂಬಿತ್ತು, ಸಿಟ್ಟೂ ಇತ್ತು.

"ಇನ್ ನಾಲ್ಕು ದಿನ ಇದೀನಿ ಕಣೋ. ಅಷ್ಟರಲ್ಲಿ ಈ ಕೊಂಕು ಒಂದು ಬೇಕಾಗಿತ್ತಾ ನಿಂಗೆ?"

ಮೆಕ್ಸಿಕೋದವನ ಬಾಯಲ್ಲಿ ಗೊತ್ತಿಲ್ಲದವರಿಗೂ ಹಿತವಾಗುವ ಮಾತು ನನ್ನ ಬಾಯಲ್ಲಿ ಸ್ವಂತ ಅಕ್ಕನಿಗೆ ಕೊಂಕಾಗಿ ಕೇಳಿತು. ಕೇಳದೆ ಇನ್ನೇನಾಗುತ್ತದೆ? ಅವನು ಬಂದ ದಿನದಿಂದ ಯಾರ ತಟ್ಟೆಯನ್ನೂ ಎಣಿಸಿರಲಿಲ್ಲ. ಎಣಿಸಿದವನು ಹೇಳಿದರೆ ಅದು ಇನ್ನೊಂದು ಎಣಿಕೆಯೇ ಆಗುತ್ತದೆ. ಎಂದಿನ ಹಾಗೆ ಸಿಟ್ಟು ನೆತ್ತಿಗೇರಿತು. ಒಳ್ಳೇದು ಹೇಳಿದ್ರೂ ಹಿಂಗಾ ಎಂದು ಬಾಯಿ ತನಕ ಬಂತು. ನುಂಗಿಕೊಂಡೆ.

ಹೊಸ್ತಿಲ ಮೇಲೆ, ಅವಳಿಗೆ ಬೆನ್ನು ಮಾಡಿ, ಹಿತ್ತಲ ಕಡೆ ಮುಖ ಮಾಡಿ ಕೂತೆ. ಮುಖ ನೋಡಿಕೊಂಡು ಹೇಳುವ ಧೈರ್ಯ ನನಗಿರಲಿಲ್ಲ.

"ಅವತ್ತು ಡಬಲ್ ಡ್ಯೂಟಿ ಮಾಡಿ ಬಂದ್ ದಿನ ನಿನ್ ತಟ್ಟೆ ನೋಡಿ ಒಂದ್ ಮಾತಂದೆ. ತಪ್ಪು ಮಾಡ್ದೆ ಅಕ್ಕ. ಸುಸ್ತಾಗಿತ್ತು ಅಂತ ಹೇಳಲ್ಲ. ಸುಸ್ತಾದೋರೆಲ್ಲ ಹಂಗನ್ನಲ್ಲ."

ಹಿತ್ತಲಿನಲ್ಲಿ ಹಸು ಬಾಲ ಬೀಸಿ ನೊಣ ಓಡಿಸಿಕೊಳ್ಳುತ್ತಿತ್ತು. ಆಮೇಲೆ ಅವಳು ಮಾತಾಡಿದಳು, ಸಿಟ್ಟಿಲ್ಲದೆ, ದಣಿದವರ ದನಿಯಲ್ಲಿ.

"ಅಲ್ಲಿಂದ ಯಾಕ್ ಬಂದೆ ಅಂತ ನೀನು ಒಂದಿನಾನೂ ಕೇಳ್ಲಿಲ್ಲ."

"ಕೇಳ್ಬಾರ್ದು ಅಂದ್ಕೊಂಡೆ."

"ನಿಮ್ ಭಾವ ಹೋದ್ಮೇಲೆ ದಿನಾ ತಟ್ಟೆ ಮುಂದೆ ಕೂತಾಗ ಒಬ್ರಲ್ಲ ಒಬ್ರು ಕೇಳೋರು. ಎಂತ ತಿಂಟಾವೇ ನುವ್ವು, ಎಂತ ತಿಂಟಾವೇ. ಎರಡ್ ವರ್ಷ ಕೇಳಿಸ್ಕೊಂಡೆ. ನನ್ ತಮ್ಮ ಇದಾನೆ ಅಂತ ಎದ್ದು ಬಂದೆ. ಅವರು ತೆಲುಗಲ್ಲಿ ಕೇಳಿದ್ದನ್ನ ನೀನು ಕನ್ನಡದಲ್ಲಿ ಕೇಳ್ದೆ. ಅಲ್ಲಿಂದಾದ್ರೆ ಇಲ್ಲಿಗೆ ಬರೋಕಿತ್ತು. ಇಲ್ಲಿಂದ ಇನ್ನೆಲ್ಲಿಗೆ ಹೋಗ್ಲಿ ಹೇಳು. ಅದಕ್ಕೆ ಬಾಗ್ಲು ಮುಚ್ಕೊಂಡು ಉಂಡೆ."

ನಾನು ಮೊಣಕಾಲ ಮೇಲೆ ತಲೆಯಿಟ್ಟುಕೊಂಡು ಅತ್ತೆ. ಐವತ್ತು ಸಮೀಪಿಸುತ್ತಿರುವ ಗಂಡಸು, ಕಂಪನಿಯ ನೀಲಿ ಅಂಗಿ ಹಾಕಿಕೊಂಡು, ಹೊಸ್ತಿಲ ಮೇಲೆ ಕೂತು ಅತ್ತೆ. ಅವಳು ಸಮಾಧಾನ ಮಾಡಲಿಲ್ಲ. ಮಾಡಬೇಕೆಂದೂ ನನಗೆ ಅನ್ನಿಸಲಿಲ್ಲ. ಸ್ವಲ್ಪ ಹೊತ್ತಿಗೆ ಹಿಂದೆ ತಟ್ಟೆ ನೆಲಕ್ಕೆ ಉಜ್ಜಿದ ಸದ್ದಾಯಿತು. ಆಮೇಲೆ ಸಾರು ಸುರಿದುಕೊಳ್ಳುವ ಸದ್ದು. ಅವಳು ಉಣ್ಣುತ್ತಿದ್ದಳು. ನಾನು ತಿರುಗಿ ನೋಡಲಿಲ್ಲ.

"ಶ್ರೀನಿವಾಸಪುರಕ್ಕೆ ಹೋಗ್ಬೇಡ" ಅಂದೆ.

"ಇಲ್ಲ, ಹೋಗ್ತೀನಿ. ಮಾತು ಕೊಟ್ಟಿದೀನಿ. ಅಡುಗೆ ಮಾಡೋಳನ್ನ ಎಷ್ಟು ತಿಂದೆ ಅಂತ ಅಲ್ಲಿ ಯಾರೂ ಕೇಳಲ್ಲ. ಆದ್ರೆ ನಿನ್ ಮೇಲೆ ಸಿಟ್ಟಿಟ್ಕೊಂಡು ಹೋಗೋದಿತ್ತಲ್ಲ, ಅದೊಂದು ತಪ್ತು ಬಿಡು."

ಒಂದನೇ ತಾರೀಕು ನಾನು ರಜೆ ಹಾಕಿ ಅವಳ ಜೊತೆ ಹೋದೆ. ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿ ಶ್ರೀನಿವಾಸಪುರದ ಬಸ್ಸು ಹೊರಡಲು ಕಾಲು ಗಂಟೆ ಇತ್ತು. ಅವಳ ಬ್ಯಾಗು ಹಿಡಿದುಕೊಂಡು ಎದುರಿನ ಹೋಟೆಲಿಗೆ ಕರೆದುಕೊಂಡು ಹೋದೆ. ಎರಡು ಪ್ಲೇಟು ಇಡ್ಲಿ ವಡೆ ಹೇಳಿದೆ. ಅಕ್ಕ ನನ್ನ ಎದುರು, ಅದೇ ಮೇಜಿನಲ್ಲಿ ಕೂತಳು. ನಾನು ಹೇಳಬೇಕೆಂದಿದ್ದ ಮಾತು ಕನ್ನಡದಲ್ಲೂ ಬರಲಿಲ್ಲ, ಸ್ಪ್ಯಾನಿಷಿನಲ್ಲೂ ಬರಲಿಲ್ಲ. ತಲೆ ತಗ್ಗಿಸಿಕೊಂಡು ನನ್ನ ಪಾಡಿಗೆ ತಿಂದೆ. ಅವಳು ಇಡ್ಲಿಯನ್ನು ಸಾಂಬಾರಿನಲ್ಲಿ ಅದ್ದಿ ನಿಧಾನವಾಗಿ ತಿಂದಳು, ವಡೆ ತಿಂದಳು, ಬಟ್ಟಲಿನ ಚಟ್ನಿಯನ್ನು ಬೆರಳಲ್ಲಿ ಬಳಿದಳು. ಹೊರಗೆ ಕಂಡಕ್ಟರು ಶ್ರೀನಿವಾಸಪುರ, ಶ್ರೀನಿವಾಸಪುರ ಎಂದು ಕೂಗಲು ಶುರುಮಾಡಿದ. ನಾನು ಬ್ಯಾಗಿಗೆ ಕೈ ಹಾಕಿದೆ.

"ಇರೋ, ಇನ್ನೂ ಹಸಿವು. ಇನ್ನೊಂದ್ ವಡೆ ಹೇಳು" ಅಂದಳು.

ಹೇಳಿದೆ. ಆ ಬಸ್ಸು ಹೋಯಿತು. ಅವಳು ಮುಂದಿನ ಬಸ್ಸಿಗೆ ಹೋದಳು.